ಆಮ್ಲಜನಕ ಏರಿಳಿಸುವ ‘ಉಸಿರಾಟ ಥೆರಪಿ’: ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು?

ಕೋವಿಡ್ ಎರಡನೇ ಅಲೆಯಲ್ಲಿ ಪಲ್ಸ್ ಆಕ್ಸಿಮೀಟರ್ ಅನ್ನೋದು ಮನೆಮಾತಾಯಿತು. ಬೆರಳಿಗೆ ಸಿಕ್ಕಿಸಿಕೊಳ್ಳಿ, ಸಂಖ್ಯೆ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಿ ಅಂತ ಹೇಳಿದ್ದರು. ಈಗ ದೊಡ್ಡ ನಗರಗಳ ‘ವೆಲ್‌ನೆಸ್’ ಕೇಂದ್ರಗಳಲ್ಲಿ ಅದೇ ಸಂಖ್ಯೆಯನ್ನು ಬೇಕಂತಲೇ 85ರ ಆಸುಪಾಸಿಗೆ ಇಳಿಸುವ ಚಿಕಿತ್ಸೆ ಮಾರಾಟಕ್ಕಿದೆ. ಹೆಸರು ‘ಇಂಟರ್‌ಮಿಟೆಂಟ್ ಹೈಪಾಕ್ಸಿಯಾ-ಹೈಪರಾಕ್ಸಿಯಾ ಥೆರಪಿ’, ಚಿಕ್ಕದಾಗಿ ಐಎಚ್‌ಎಚ್‌ಟಿ. ಸುಸ್ತು ಹೋಗುತ್ತೆ, ನಿದ್ದೆ ಬರುತ್ತೆ, ವಯಸ್ಸು ನಿಲ್ಲುತ್ತೆ ಅನ್ನೋದು ಜಾಹೀರಾತು.

ಇದನ್ನು ಪವಾಡ ಅನ್ನೋರಿದ್ದಾರೆ, ಶುದ್ಧ ಬೋಗಸ್ ಅನ್ನೋರೂ ಇದ್ದಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಹಿಂದಿರುವ ವಿಜ್ಞಾನ ನಿಜ. ಅದರ ಹೆಸರಲ್ಲಿ ಮಾರುವ ಭರವಸೆ ಸಾಬೀತಾಗಿಲ್ಲ. ಈ ಎರಡರ ನಡುವಿನ ಕಂದಕವನ್ನು ‘ವೆಲ್‌ನೆಸ್’ ಎಂಬ ಒಂದು ಪದ ಮುಚ್ಚಿಹಾಕುತ್ತಿದೆ. ನಾವು ಕೇಳಬೇಕಾದ ಪ್ರಶ್ನೆ ಇರೋದು ಅಲ್ಲೇ.

ಯಂತ್ರ ಏನು ಮಾಡುತ್ತೆ?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%. ಯಂತ್ರ ಕೋಣೆಯ ಗಾಳಿಯನ್ನೇ ಸೋಸಿ, ಆ ಪ್ರಮಾಣವನ್ನು 10ರಿಂದ 14%ಗೆ ಇಳಿಸಿ ಮಾಸ್ಕಿಗೆ ಕಳಿಸುತ್ತದೆ. ಕೆಲವು ನಿಮಿಷದ ನಂತರ 30-40% ಆಮ್ಲಜನಕದ ಗಾಳಿ. ಮತ್ತೆ ಕಡಿಮೆ, ಮತ್ತೆ ಹೆಚ್ಚು. ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ. ಹೀಗೆ ಕೆಲವು ವಾರ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಅದಕ್ಕೆ ಹೋಲಿಸಿದರೆ ಲೆಕ್ಕ ಸುಲಭ. ಸುಮಾರು 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಉಸಿರಾಡೋದು ಬಯಲಿನಲ್ಲಿ 16-17% ಆಮ್ಲಜನಕ ಎಳೆದುಕೊಂಡಂತೆ. 14% ಅಂದರೆ ಹೆಚ್ಚುಕಡಿಮೆ ಲೇಹ್. 10% ಅಂದರೆ ಎವರೆಸ್ಟ್ ಬೇಸ್ ಕ್ಯಾಂಪಿಗಿಂತಲೂ ಮೇಲೆ. ಪರ್ವತ ಹತ್ತದೆ, ಕುರ್ಚಿಯಲ್ಲಿ ಕೂತು ಅಲ್ಲಿಗೆ ಹೋಗಿ ಬಂದ ಹಾಗೆ.

ವಿಜ್ಞಾನ ಎಲ್ಲಿಂದ ಬಂತು?

ಆಮ್ಲಜನಕ ಕಡಿಮೆಯಾದಾಗ ಜೀವಕೋಶಗಳಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಉಳಿದುಕೊಂಡು, ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಕೆಂಪು ರಕ್ತಕಣ ಹೆಚ್ಚಿಸುವ ಇಪಿಓ ಹಾರ್ಮೋನು ಏರುವುದೂ ಇದರಿಂದಲೇ. ಜೀವಕೋಶ ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಬಿಡಿಸಿಟ್ಟಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಪ್ರಯೋಗಗಳು ಅದಕ್ಕೂ ಹಳೆಯವು. ಸೋವಿಯತ್ ಒಕ್ಕೂಟದಲ್ಲಿ ವಿಜ್ಞಾನಿ ನಿಕೊಲಾಯ್ ಸಿರೊತಿನಿನ್ ಮತ್ತು ಸಂಗಡಿಗರು ಎಲ್ಬ್ರುಸ್ ಪರ್ವತದಲ್ಲಿ ಈ ಅಧ್ಯಯನ ನಡೆಸಿದ್ದರು. 1968ರ ಒಲಿಂಪಿಕ್ಸ್ 2,240 ಮೀಟರ್ ಎತ್ತರದ ಮೆಕ್ಸಿಕೊ ಸಿಟಿಯಲ್ಲಿ ನಡೆದಾಗ ಕ್ರೀಡಾಲೋಕವೂ ಇತ್ತ ತಿರುಗಿತು. ನಮ್ಮ ಸೇನೆ ಸಿಯಾಚಿನ್ ಕಡೆ ಹೋಗೋ ಸೈನಿಕರನ್ನು ಹಂತಹಂತವಾಗಿ, ದಿನಗಟ್ಟಲೆ ತಡೆದು ಎತ್ತರಕ್ಕೆ ಒಗ್ಗಿಸುತ್ತದೆ. ಬೆಂಗಳೂರಿನಲ್ಲೇ ಇರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ, ಆಮ್ಲಜನಕ ಕಡಿಮೆಯಾದಾಗ ಮೈಮನಸ್ಸು ಹೇಗೆ ಕೈಕೊಡುತ್ತದೆ ಅನ್ನೋದನ್ನು ಪೈಲಟ್‌ಗಳಿಗೆ ಚೇಂಬರಿನೊಳಗೆ ಕೂರಿಸಿ ತೋರಿಸಲಾಗುತ್ತದೆ. ಈ ಎಲ್ಲ ಕಡೆ ಆಮ್ಲಜನಕದ ಕೊರತೆಯನ್ನು ಅಪಾಯ ಅಂತಲೇ ನೋಡುತ್ತಾರೆ.

ಪುರಾವೆ ಎಷ್ಟಿದೆ?

ಇದೆ, ಆದರೆ ಸಣ್ಣದು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆನ್ನುಹುರಿಗೆ ಭಾಗಶಃ ಪೆಟ್ಟಾಗಿದ್ದ 19 ಮಂದಿಗೆ ಕಡಿಮೆ ಆಮ್ಲಜನಕದ ಚಿಕ್ಕ ಚಿಕ್ಕ ಸುತ್ತುಗಳನ್ನು ಐದು ದಿನ ಕೊಟ್ಟಾಗ ನಡಿಗೆ ಸುಧಾರಿಸಿತು. 2017ರ ಆಸ್ಟ್ರಿಯಾದ ಅಧ್ಯಯನದಲ್ಲಿ 34 ಹಿರಿಯ ರೋಗಿಗಳ ಗ್ರಹಿಕೆ ಮತ್ತು ನಡಿಗೆಯಲ್ಲಿ ಸುಧಾರಣೆ ಕಂಡಿತು. ಎರಡೂ ಭರವಸೆ ಹುಟ್ಟಿಸುವಂಥವೇ. ಆದರೆ ಅಲ್ಲಿದ್ದವರು ರೋಗಿಗಳು, ನೋಡಿಕೊಂಡವರು ವೈದ್ಯರು, ಸಂಖ್ಯೆ 19 ಮತ್ತು 34. ಅಲ್ಲಿಂದ ‘ಇಪ್ಪತ್ತೈದರ ಆರೋಗ್ಯವಂತರಿಗೆ ಹೊಸ ಚೈತನ್ಯ’ ಅನ್ನುವ ತನಕ ಜಿಗಿಯೋದು ವಿಜ್ಞಾನವಲ್ಲ, ಸೇಲ್ಸ್.

ಕ್ರೀಡಾಪಟುಗಳ ಉದಾಹರಣೆಯೂ ಇಲ್ಲಿ ಸಲ್ಲದು. ಎತ್ತರದ ವಾಸದಿಂದ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳಲು ಅವರು ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ, ಮೂರ್ನಾಲ್ಕು ವಾರ ಹಾಗೆ ಇರಬೇಕಾಗುತ್ತದೆ. ಮುಕ್ಕಾಲು ಗಂಟೆಯ ಮಾಸ್ಕ್ ಅದಕ್ಕೆ ಸಮವಲ್ಲ.

ಇನ್ನೊಂದು ಮಾತು. ಗೊರಕೆಯ ಜೊತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾದಲ್ಲೂ ಆಮ್ಲಜನಕ ರಾತ್ರಿಯಿಡೀ ಹೀಗೇ ಏರಿಳಿಯುತ್ತದೆ. ಅದು ರಕ್ತದೊತ್ತಡ ಹೆಚ್ಚಿಸುತ್ತದೆ, ಹೃದಯಕ್ಕೆ ಹೊರೆ. ಅಂದರೆ ಎಷ್ಟು ಇಳಿಸಬೇಕು, ಎಷ್ಟು ಹೊತ್ತು, ಯಾರಿಗೆ ಅನ್ನೋದೇ ಮದ್ದನ್ನೂ ವಿಷವನ್ನೂ ಬೇರೆ ಮಾಡುತ್ತದೆ. ಗರ್ಭಿಣಿಯರು, ಸಿಕಲ್ ಸೆಲ್ ಕಾಯಿಲೆಯವರು, ಹಿಡಿತಕ್ಕೆ ಬಾರದ ಬಿಪಿ, ಹೃದ್ರೋಗ, ಮೂರ್ಛೆರೋಗ ಇರುವವರು ಇದರಿಂದ ದೂರ ಇರಬೇಕು.

ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ವೈದ್ಯಕೀಯ ಆಮ್ಲಜನಕ ಕಾನೂನಿನ ಕಣ್ಣಲ್ಲಿ ಔಷಧ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರವು ದ್ರವರೂಪದ ಆಮ್ಲಜನಕಕ್ಕೆ ಘನ ಮೀಟರಿಗೆ 15.22 ರೂಪಾಯಿಯ ಮೇಲ್ಮಿತಿ ಹಾಕಿತ್ತು. ಆದರೂ 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಜನ ಸತ್ತರು. ಬದುಕಿಸುವ ಆಮ್ಲಜನಕಕ್ಕೆ ಇಷ್ಟೆಲ್ಲ ಲೆಕ್ಕಪತ್ರ ಇರುವ ದೇಶದಲ್ಲಿ, ಅದನ್ನು ಏರಿಳಿಸುವ ಯಂತ್ರಕ್ಕೂ ಲೆಕ್ಕ ಬೇಡವೇ?

ವೈದ್ಯಕೀಯ ಉಪಕರಣಗಳಿಗೆ 2017ರ ನಿಯಮಗಳಿವೆ. ಆದರೆ ಒಂದು ಯಂತ್ರ ‘ವೈದ್ಯಕೀಯ’ವೇ ಅಲ್ಲವೇ ಅನ್ನೋದು ಬಹುಮಟ್ಟಿಗೆ ತಯಾರಕರು ಅದನ್ನು ಯಾವ ಉದ್ದೇಶಕ್ಕೆ ಅಂತ ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ‘ಚಿಕಿತ್ಸೆ’ ಅಂದರೆ ಪರವಾನಗಿ, ಪುರಾವೆ, ಹೊಣೆ. ‘ವೆಲ್‌ನೆಸ್’ ಅಂದರೆ ಇದರಿಂದೆಲ್ಲ ನುಣುಚಿಕೊಳ್ಳಲು ದಾರಿ. ಬೋರ್ಡಿನಲ್ಲಿ ವೆಲ್‌ನೆಸ್, ಮಾತಿನಲ್ಲಿ ಚಿಕಿತ್ಸೆ ಅನ್ನೋ ಆಟ ಇಲ್ಲಿಂದ ಶುರು. ದೇಹದ ಮೇಲೆ ಆಗುವ ಪರಿಣಾಮ ನೋಡಿ ನಿಯಂತ್ರಣ ಬರಬೇಕು, ಲೇಬಲ್ ನೋಡಿ ಅಲ್ಲ.

ಹಾಗಂತ ನಾವು ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್‌ಗಳಿಗೂ ಇದು ಅನ್ವಯ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೇಂದ್ರಕ್ಕೆ ಹೋದರೆ ನಾಲ್ಕು ಪ್ರಶ್ನೆ ಕೇಳಿ: ಈ ಯಂತ್ರ ವೈದ್ಯಕೀಯ ಉಪಕರಣವಾಗಿ ನೋಂದಣಿ ಆಗಿದೆಯಾ? ನನ್ನ ಆಮ್ಲಜನಕ ಎಷ್ಟಕ್ಕೆ ಇಳಿದರೆ ನಿಲ್ಲಿಸ್ತೀರಿ? ಆಗ ಕೋಣೆಯಲ್ಲಿ ವೈದ್ಯರು ಇರ್ತಾರಾ? ನನ್ನಂಥ ಆರೋಗ್ಯವಂತರ ಮೇಲೆ ಆದ ಅಧ್ಯಯನ ಯಾವುದು? ಈ ನಾಲ್ಕಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಮಾಸ್ಕ್ ಹಾಕಿಸಿಕೊಳ್ಳಬೇಡಿ.