ಒಂಟಿಕೊಪ್ಪಲಿನ ಮನೆಯಿಂದ ನಿಮ್ಮ ಮೊಬೈಲ್‌ವರೆಗೆ: ಸಣ್ಣ ರೇಡಿಯೋಗಳ ಕಥೆ

ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯ್ತಾ ಇಯರ್‌ಫೋನ್ ಹಾಕ್ಕೊಂಡಿರೋರಿಗೂ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದ ಕೇಳ್ತಿರೋರಿಗೂ ಸ್ವಾಗತ.

ಕೇಳುಗರಲ್ಲಿ ಕೆಲವರು ನನ್ನನ್ನ ಆಗಾಗ ಕೇಳ್ತಾರೆ: "ನಮ್ಮೂರಿಗೇ ಅಂತ ಒಂದು ಇಂಟರ್‌ನೆಟ್ ರೇಡಿಯೋ ಮಾಡ್ಬೋದಾ?" ಮಾಡ್ಬೋದು. ಆದ್ರೆ ಮೊದಲು ನಮ್ಮ ಜಿಲ್ಲೆಯಲ್ಲೇ ನಡೆದಿರೋ ಒಂದು ಹಳೇ ಕಥೆ ಕೇಳಿ. ಸಣ್ಣ ರೇಡಿಯೋ ನಡೆಯೋಕೆ ಅನುಮತಿ, ದುಡ್ಡು, ಮಾತಾಡೋ ಜನ ಮೂರೂ ಬೇಕು. ಇಂಟರ್‌ನೆಟ್ ಸುಲಭ ಮಾಡಿದ್ದು ಇವುಗಳಲ್ಲಿ ಒಂದನ್ನ ಮಾತ್ರ.

1935ಕ್ಕೆ ಹೋಗೋಣ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಮನಃಶಾಸ್ತ್ರದ ಪ್ರೊಫೆಸರ್ ಇದ್ದರು. ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಅವರು 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. 30 ವ್ಯಾಟ್ ಅಂದ್ರೆ ಮನೆಯ ಒಂದು ಹಳೇ ಟ್ಯೂಬ್‌ಲೈಟ್‌ಗಿಂತ ಕಡಿಮೆ! ಅಲ್ಲಿ ಕುವೆಂಪು ಕವಿತೆ ಓದಿದರು, ಚೌಡಯ್ಯನವರು ಪಿಟೀಲು ನುಡಿಸಿದರು. ಆ ಸ್ಟೇಷನ್‌ಗೆ ಇಟ್ಟ ಹೆಸರು 'ಆಕಾಶವಾಣಿ'. ದಿಲ್ಲಿಯಲ್ಲಿ ಸರ್ಕಾರದ ರೇಡಿಯೋ 'ಆಲ್ ಇಂಡಿಯಾ ರೇಡಿಯೋ' ಅಂತ ಹೆಸರು ಪಡೆದದ್ದೇ 1936ರಲ್ಲಿ. ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಮೈಸೂರಿನ ಆ ಹೆಸರೇ ಬಂತು.

ಆದ್ರೆ ಸ್ಟೇಷನ್ ಖರ್ಚಿನ ಬಾಬತ್ತು. ಒಬ್ಬ ಮೇಷ್ಟ್ರ ಜೇಬಿನ ಮೇಲೆ ಎಷ್ಟು ವರ್ಷ ನಡೆದೀತು ಹೇಳಿ? 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನ ವಹಿಸಿಕೊಂಡಿತು, 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಸ್ಟೇಷನ್ ಉಳಿಯಿತು, ಹೆಸರೂ ಬೆಳೆಯಿತು. ಸ್ವತಂತ್ರವಾಗಿ ಮಾತ್ರ ಉಳಿಯಲಿಲ್ಲ.

ಆಮೇಲೆ ಸುಮಾರು ಅರ್ಧ ಶತಮಾನ ನಮ್ಮ ದೇಶದಲ್ಲಿ ರೇಡಿಯೋ ಅಂದ್ರೆ ಸರ್ಕಾರ. 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ಆಗ ಆ ಹಕ್ಕು ಅವರದ್ದೇ ಆಗಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ಗಾಳಿಯಲ್ಲಿರೋ ತರಂಗಗಳು ಸಾರ್ವಜನಿಕರ ಆಸ್ತಿ. ತಮಾಷೆ ಅಂದ್ರೆ, ಆ ಕೇಸು ಶುರುವಾಗಿದ್ದು ಕ್ರಿಕೆಟ್ ಪ್ರಸಾರದ ಜಗಳದಿಂದ.

ಕೋರ್ಟ್ ಹೇಳಿದ ತಕ್ಷಣ ಬಾಗಿಲು ತೆರೆಯಲಿಲ್ಲ. 2002ರ ಕೊನೆಯಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅವಕಾಶ ಸಿಕ್ಕಿತು. ಹಳ್ಳಿ ಜನರಿಗೆ, ಸಂಘ ಸಂಸ್ಥೆಗಳಿಗೆ ಇಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಏನು ಮಾಡಿದರು ಗೊತ್ತಾ? ಗಾಳಿಯಲ್ಲಿ ಕಳಿಸೋ ಹಾಗಿಲ್ಲ ತಾನೆ, ಸರಿ, ವೈರಿನಲ್ಲೇ ಕಳಿಸೋಣ ಅಂದರು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಶುರುವಾಗಿ, ಟಿವಿ ಕೇಬಲ್ ಮೂಲಕ ಮನೆಗಳಿಗೆ ತಲುಪಿತು. ರೈತರು, ಸ್ವಸಹಾಯ ಸಂಘದ ಹೆಂಗಸರು ತಾವೇ ಕಾರ್ಯಕ್ರಮ ಮಾಡಿದರು.

ನನ್ನ ಪ್ರಕಾರ ಇಂಟರ್‌ನೆಟ್ ರೇಡಿಯೋದ ನಿಜವಾದ ಕನ್ನಡದ ಅಜ್ಜ ಇದೇ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ವಿದ್ಯಾರ್ಥಿಗಳು ನಡೆಸುವ ಡಬ್ಲ್ಯುಎಕ್ಸ್‌ವೈಸಿ ಅನ್ನೋ ಸ್ಟೇಷನ್ 1994ರ ನವೆಂಬರ್‌ನಲ್ಲೇ ತನ್ನ ಪ್ರಸಾರವನ್ನ ಇಂಟರ್‌ನೆಟ್‌ಗೆ ಹಾಕಿತ್ತು. ಬೂದಿಕೋಟೆಯವರ ಉಪಾಯವೂ ಅದೇ ಜಾತಿಯದ್ದು. ಗಾಳಿಯ ತರಂಗ ಬಳಸಲ್ಲ ಅಂದ್ಮೇಲೆ ತರಂಗದ ಲೈಸೆನ್ಸೂ ಬೇಕಿಲ್ಲ.

2006ರ ನವೆಂಬರ್‌ನಲ್ಲಿ ಸರ್ಕಾರ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ಅನುಮತಿ ಕೊಡೋಕೆ ಒಪ್ಪಿತು. ಅದರ ಫಲ ನಮ್ಮ ಪಕ್ಕದಲ್ಲೇ ಇದೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಶುರು ಮಾಡಿದ 'ಜನಧ್ವನಿ', 90.8 ಎಫ್‌ಎಂ. ಸರಗೂರು ಆಗಿನ್ನೂ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಇತ್ತು. ಜೇನುಕುರುಬರ, ಕಾಡುಕುರುಬರ ಹಾಡಿಗಳಿರೋ ಸೀಮೆ ಇದು. ಇಲ್ಲಿನ ಮಾತು ಮೈಸೂರಿನ ಸ್ಟುಡಿಯೋಗೆ ಹೋಗಿ ವಾಪಸ್ ಬರಬೇಕಾಗಿಲ್ಲ ಅನ್ನೋದೇ ದೊಡ್ಡ ವಿಷಯ.

ಆದ್ರೆ ಷರತ್ತುಗಳು ನೋಡಿ. ಸಮುದಾಯ ರೇಡಿಯೋದ ಸಾಮರ್ಥ್ಯ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾ 30 ಮೀಟರ್. 2006ರ ನಿಯಮದಲ್ಲಿ ಗಂಟೆಗೆ 5 ನಿಮಿಷ ಮಾತ್ರ ಜಾಹೀರಾತು. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಂತ ಸುದ್ದಿ ಮಾಡೋ ಹಾಗಿಲ್ಲ. ಆಕಾಶವಾಣಿ ಸುದ್ದಿಯನ್ನ ಹಾಗೇ ಹಾಕಬಹುದು, ಅಷ್ಟೇ. ಅಂದ್ರೆ ದಿಲ್ಲಿ ಸಂಸತ್ತಿನ ಸುದ್ದಿ ಹೇಳ್ಬೋದು, ನಮ್ಮ ಪಂಚಾಯ್ತಿ ಸಭೆಯ ಜಗಳದ ಸುದ್ದಿ ಹೇಳೋ ಹಾಗಿಲ್ಲ!

ಇಂಟರ್‌ನೆಟ್ ರೇಡಿಯೋಗೆ ಈ ನಿಷೇಧ ಇಲ್ಲ. ಹಾಗಂತ ಕಾನೂನೇ ಇಲ್ಲ ಅಂತಲ್ಲ. ಮಾನನಷ್ಟದ ಕೇಸು ಬೀಳುತ್ತೆ, ಐಟಿ ನಿಯಮ ಇವೆ, ಸಿನಿಮಾ ಹಾಡು ಹಾಕಿದ್ರೆ ಹಕ್ಕುದಾರರಿಗೆ ದುಡ್ಡು ಕಟ್ಟಬೇಕು.

ಇನ್ನು ದುಡ್ಡಿನ ಲೆಕ್ಕ. ಎಫ್‌ಎಂ ಟವರ್‌ಗೆ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಕರೆಂಟ್ ಬಿಲ್ ಒಂದೇ. ಇಂಟರ್‌ನೆಟ್‌ನಲ್ಲಿ ಹಾಗಲ್ಲ. 64 ಕೆಬಿಪಿಎಸ್‌ನಲ್ಲಿ ಒಬ್ಬರು ಒಂದು ಗಂಟೆ ಕೇಳಿದರೆ ಸುಮಾರು 29 ಎಂಬಿ. 500 ಜನ ಕೇಳಿದರೆ 14 ಜಿಬಿಗೂ ಹೆಚ್ಚು. ಕೇಳುಗರು ಹೆಚ್ಚಿದಷ್ಟೂ ಸರ್ವರ್ ಬಿಲ್ ಹೆಚ್ಚುತ್ತೆ. ಈ ಕಡೆ ನಿಮ್ಮ ಡೇಟಾನೂ ಖರ್ಚು. ಕಾಡಂಚಿನ ಹಾಡಿಯಲ್ಲಿ ಸಿಗ್ನಲ್ಲೇ ಇಲ್ಲ ಅಂದ್ರೆ ನಮ್ಮ ಆ್ಯಪ್ ಏನು ಮಾಡೀತು? ಅಲ್ಲಿ ಸಣ್ಣ ಎಫ್‌ಎಂ ಸೆಟ್ಟೇ ಗೆಲ್ಲೋದು.

ಅದಕ್ಕೇ ಊರಿಗೊಂದು ಇಂಟರ್‌ನೆಟ್ ರೇಡಿಯೋ ಮಾಡ್ತೀವಿ ಅನ್ನೋರಿಗೆ ನಾನು ಹೇಳೋದಿಷ್ಟು: ಮೈಕು, ಮಿಕ್ಸರ್ ಆಮೇಲೆ ತಗೊಳ್ಳಿ. ಎರಡನೇ ವರ್ಷದ ಸರ್ವರ್ ಬಿಲ್ ಯಾರು ಕಟ್ಟೋದು, ವಾರವಾರ ಯಾರು ಬಂದು ಮಾತಾಡೋದು, ಇವೆರಡನ್ನ ಮೊದಲು ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಬಿಲ್ಲಿನ ಮುಂದೆ ಒಬ್ಬರದ್ದೇ ಹೆಸರಿದ್ರೆ, ಗೋಪಾಲಸ್ವಾಮಿಯವರ ಸ್ಟೇಷನ್ ಯಾರ ಕೈಗೆ ಹೋಯ್ತು ಅನ್ನೋದನ್ನ ನೆನಪಿಸ್ಕೊಳ್ಳಿ. ಹತ್ತು ಹೆಸರಿದ್ರೆ ಶುರು ಮಾಡಿ, ನಾನೂ ಕೇಳ್ತೀನಿ.