ಯಾರಿಗೆ ಉತ್ತರಿಸಬೇಕು? ತಿತಿಮತಿಯ ಕಾಡಂಚಿನಿಂದ ನೆರವಿನ ಕೆಲಸದ ಬಗ್ಗೆ ಒಂದು ಟಿಪ್ಪಣಿ

1. ಪ್ರಶ್ನೆ

ಅಂತರರಾಷ್ಟ್ರೀಯ ಅಭಿವೃದ್ಧಿ, ಮಾನವೀಯ ನೆರವು ಎಂಬ ಕ್ಷೇತ್ರಕ್ಕೆ ಹೋಗಬೇಕೆನ್ನುವ ಯುವಜನರಿಗೆ ನಮ್ಮಲ್ಲಿ ಸಿಗುವ ಸಲಹೆ ಹೆಚ್ಚಾಗಿ ದಾರಿಯ ಬಗ್ಗೆ ಇರುತ್ತದೆ: ಯಾವ ಕೋರ್ಸು ಓದಬೇಕು, ಯಾವ ಸಂಸ್ಥೆಗೆ ಅರ್ಜಿ ಹಾಕಬೇಕು, ಯಾವ ದೇಶಕ್ಕೆ ಹೋಗಬೇಕು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಾನು ಮಾಡುವ ಕೆಲಸಕ್ಕೆ ಯಾರಿಗೆ ಉತ್ತರ ಕೊಡಬೇಕು? ಹಣ ಕೊಟ್ಟವರಿಗೋ, ನೆರವು ಪಡೆದವರಿಗೋ?

ರೆಡ್‌ಕ್ರಾಸ್ ಮತ್ತು ರೆಡ್‌ಕ್ರೆಸೆಂಟ್ ಚಳವಳಿ ಹಾಗೂ ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ವಿಪತ್ತು ಪರಿಹಾರಕ್ಕಾಗಿ ನೀತಿಸಂಹಿತೆಯೊಂದನ್ನು ಪ್ರಕಟಿಸಿದವು. ಅದರ ಹತ್ತು ಅಂಶಗಳಲ್ಲಿ ಒಂಬತ್ತನೆಯದು, ಇಬ್ಬರಿಗೂ ಉತ್ತರ ಕೊಡಬೇಕು ಎನ್ನುತ್ತದೆ. ಆದರೆ ಹಣ ಕೊಟ್ಟವರ ಬಳಿ ಲೆಕ್ಕಪರಿಶೋಧಕರಿದ್ದಾರೆ, ವರದಿಯ ನಮೂನೆಗಳಿವೆ, ಕಂತು ನಿಲ್ಲಿಸುವ ಅಧಿಕಾರವಿದೆ. ನೆರವು ಪಡೆದವರ ಬಳಿ ಏನಿದೆ? ಕೊಡಗಿನ ತಿತಿಮತಿಯ ಆಸುಪಾಸಿನ ಅರವತ್ತು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದು ನೋಡುವುದು ಈ ಟಿಪ್ಪಣಿಯ ಉದ್ದೇಶ. ನೆರವು ಪಡೆಯುವವರಿಗೆ ಪ್ರಶ್ನಿಸುವ ಬಲ ಇದ್ದಲ್ಲಿ ಕೆಲಸ ಬೇರೂರಿದೆ, ಇಲ್ಲದಲ್ಲಿ ಒಳ್ಳೆಯ ಉದ್ದೇಶವೂ ಕೆಟ್ಟಿದೆ ಎಂಬುದು ನನ್ನ ವಾದ. ಆ ಬಲವನ್ನು ಗಟ್ಟಿ ಮಾಡುವುದೇ ಯುವಜನರ ಮೊದಲ ಕೆಲಸ.

2. ನೆಲೆ

ಮೈಸೂರಿನಿಂದ ಹುಣಸೂರು ದಾಟಿ ಗೋಣಿಕೊಪ್ಪಕ್ಕೆ ಹೋಗುವ ರಸ್ತೆ ಆನೆಚೌಕೂರಿನಲ್ಲಿ ಕಾಡು ಹೊಕ್ಕು, ಮತ್ತಿಗೋಡು ಆನೆ ಶಿಬಿರವನ್ನು ಹಾದು ತಿತಿಮತಿಯಲ್ಲಿ ಹೊರಬರುತ್ತದೆ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಾಫಿ ತೋಟ. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನ ಒಳಗೂ ಅಂಚಿಗೂ ಇರುವ ಹಾಡಿಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಬದುಕುತ್ತಾರೆ. ಜೇನುಕುರುಬರು ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ; ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವ ಇನ್ನೊಂದು ಸಮುದಾಯ ಕೊರಗರದು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಒಂದೊಂದು ಘೋಷಣೆಯ ಜೊತೆಗೂ ಹಾಡಿಯ ಜನ ಕಾಡಿನೊಳಗೆ ಮಾಡಬಹುದಾದದ್ದು ಕಡಿಮೆಯಾಗುತ್ತ ಬಂತು.

ಹೊರದೇಶದ ನೆರವು ಈ ಸೀಮೆಗೆ ಹೊಸದಲ್ಲ. ಎರಡು ಸಲ ಅದು ದೊಡ್ಡದಾಗಿ ಬಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೇಲಿನ ಪ್ರಶ್ನೆ ಸ್ಪಷ್ಟವಾಗುತ್ತದೆ.

3. ಬೈಲಕುಪ್ಪೆ: ನಿರಾಶ್ರಿತರಿಂದ ಸ್ವಸಹಾಯ ಸಂಘದವರೆಗೆ

ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದು ಕಾಡು ಕಡಿದು ನೆಲ ಹಸನು ಮಾಡಿದವು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆ ಬಂತು. ಪುನರ್ವಸತಿಯಲ್ಲಿ ಸರ್ಕಾರಕ್ಕೆ ನೆರವಾಗಲು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಇಂದಿನ ಮೈರಾಡ.

ಈ ಪುನರ್ವಸತಿ ನಿಂತದ್ದಕ್ಕೆ ಹೊರದೇಶದಿಂದ ಬಂದ ಹಣವೊಂದೇ ಕಾರಣವಲ್ಲ. ಟಿಬೆಟನ್ನರು ಒಂದು ಸಮುದಾಯವಾಗಿ ಬಂದರು, ತಮ್ಮದೇ ಆಡಳಿತ, ಸಹಕಾರ ಸಂಘ, ಶಾಲೆ, ಮಠಗಳನ್ನು ಕಟ್ಟಿಕೊಂಡರು. ನೆರವಿನವರು ಮಾತನಾಡಬೇಕಾದದ್ದು ಸಂಘಟಿತ ಜನರ ಜೊತೆ. ಬೇಡದ್ದನ್ನು ಬೇಡ ಎನ್ನಲು ಅವರಿಗೊಂದು ವೇದಿಕೆ ಇತ್ತು.

ಮೈರಾಡ ಮುಂದೆ ಗ್ರಾಮೀಣ ಬಡವರ ನಡುವಿನ ಕೆಲಸಕ್ಕೆ ತಿರುಗಿತು. 1980ರ ದಶಕದ ನಡುವೆ ಅದರ ಯೋಜನಾ ಪ್ರದೇಶಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ ಸದಸ್ಯರು, ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳಲ್ಲಿ ಸೇರಿ ವ್ಯವಹಾರ ನಡೆಸುತ್ತೇವೆ ಎಂದರು. ಸಂಸ್ಥೆ ಆ ಮಾತಿಗೆ ಕಿವಿಗೊಟ್ಟಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಅನುದಾನ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಶುರುವಾಯಿತು. ಇಂದು ಪ್ರತಿ ಹಳ್ಳಿಯಲ್ಲೂ ಕಾಣುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಹೀಗೆ ನಿರಾಶ್ರಿತರ ನೆರವಿಗೆಂದು ಹುಟ್ಟಿದ ಸಂಸ್ಥೆಯಲ್ಲಿದೆ. ತಿರುವು ಕೊಟ್ಟದ್ದು ಮಾತ್ರ ಸದಸ್ಯರ ಮಾತು.

4. ನಾಗರಹೊಳೆ: 1998ರ ದೂರು

ಎರಡನೆಯ ಪ್ರಕರಣ ತಿತಿಮತಿಗೆ ಇನ್ನೂ ಹತ್ತಿರದ್ದು. ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ಹಣದಲ್ಲಿ ‘ಭಾರತ ಪರಿಸರ ಅಭಿವೃದ್ಧಿ ಯೋಜನೆ’ 1996ರಲ್ಲಿ ಮಂಜೂರಾಯಿತು. ಅದರ ಏಳು ತಾಣಗಳಲ್ಲಿ ನಾಗರಹೊಳೆ ಒಂದು. ಕಾಡಿನ ಮೇಲಿನ ಒತ್ತಡ ತಗ್ಗಬೇಕು, ಕಾಡಂಚಿನ ಜನರಿಗೆ ಬೇರೆ ಜೀವನೋಪಾಯ ಸಿಗಬೇಕು, ಹೊರಗೆ ಹೋಗುವವರು ಸ್ವಇಚ್ಛೆಯಿಂದಲೇ ಹೋಗಬೇಕು ಎಂಬುದು ಕಾಗದದಲ್ಲಿದ್ದ ಆಶಯ. ಆಶಯದಲ್ಲಿ ಹುಳುಕಿರಲಿಲ್ಲ.

ಆದರೆ ಉದ್ಯಾನದೊಳಗಿನ ಹಾಡಿಗಳ ಜನ ಆ ಹೊತ್ತಿಗೆ ಇನ್ನೊಂದು ಹೋರಾಟ ನಡೆಸಿದ್ದರು. ಕಾಡಿನೊಳಗೆ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಪ್ರವಾಸಿ ತಂಗುದಾಣ ನಡೆಸಲು ಜಾಗ ವಹಿಸಿಕೊಟ್ಟದ್ದನ್ನು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 1997ರಲ್ಲಿ ಹೈಕೋರ್ಟ್ ಅದು ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ತಮ್ಮನ್ನು ಕಾಡಿಗೆ ಹೊರೆ ಎಂದು ಎಣಿಸುವವರು ಹೋಟೆಲನ್ನು ಹಾಗೆ ಎಣಿಸಲಿಲ್ಲ ಎಂಬುದನ್ನು ಜನ ಕಣ್ಣಾರೆ ಕಂಡಿದ್ದರು. ಮರುವರ್ಷವೇ ಅದೇ ಸಂಘಟನೆ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಟ್ಟಿತು.

ಆ ಮಂಡಳಿ 1993ರಲ್ಲಿ ರಚನೆಯಾದದ್ದು. ಬ್ಯಾಂಕಿನ ಹಣದ ಯೋಜನೆಯಿಂದ ಹಾನಿಯಾಗುತ್ತದೆ ಎನ್ನುವ ಜನ, ಬ್ಯಾಂಕ್ ತನ್ನ ನಿಯಮಗಳನ್ನೇ ಪಾಲಿಸಿಲ್ಲ ಎಂದು ಅಲ್ಲಿ ನೇರವಾಗಿ ದೂರಬಹುದು. ಯೋಜನೆ ರೂಪಿಸುವಾಗ ಕಾಡಿನೊಳಗಿನ ಆದಿವಾಸಿಗಳ ಜೊತೆ ಸರಿಯಾಗಿ ಸಮಾಲೋಚಿಸಿಲ್ಲ, ಮೂಲನಿವಾಸಿಗಳ ಬಗ್ಗೆ ಬ್ಯಾಂಕಿಗೇ ಇರುವ ನೀತಿಯನ್ನು ಪಾಲಿಸಿಲ್ಲ, ಕೊನೆಗೆ ತಮ್ಮನ್ನು ಎಬ್ಬಿಸುವುದಕ್ಕೇ ಇದು ದಾರಿಯಾಗುತ್ತದೆ ಎಂಬುದು ದೂರಿನ ತಿರುಳು. ಮಂಡಳಿ ಪರಿಶೀಲಿಸಿ, ತನಿಖೆ ನಡೆಯಬೇಕು ಎಂದು ಶಿಫಾರಸು ಮಾಡಿತು. ಬ್ಯಾಂಕಿನ ಆಡಳಿತ ಮಂಡಳಿ ತನಿಖೆಗೆ ಒಪ್ಪಿಗೆ ಕೊಡಲಿಲ್ಲ. ಲೋಪಗಳನ್ನು ಸರಿಪಡಿಸುವ ಹೊಣೆಯನ್ನು ಅಧಿಕಾರಿಗಳಿಗೇ ಬಿಟ್ಟಿತು.

ದೂರು ಸೋತಿತು ಎಂದು ಇದನ್ನು ಓದಿದರೆ ಅರ್ಧ ಓದಿದಂತೆ. ಲೈನ್‌ಮನೆಯಲ್ಲಿ ದಿನಗೂಲಿಗೆ ದುಡಿಯುವ, ಹಾಡಿಯಲ್ಲಿ ಜೇನು, ಗೆಣಸು ಹುಡುಕುವ ಜನ, ವಾಷಿಂಗ್ಟನ್‌ನಲ್ಲಿರುವ ಸಂಸ್ಥೆಯನ್ನು ಅದರದೇ ನಿಯಮದ ಪುಸ್ತಕ ಹಿಡಿದು ಪ್ರಶ್ನಿಸಿದರು. ಅಂತರರಾಷ್ಟ್ರೀಯ ಅಭಿವೃದ್ಧಿ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನಮ್ಮ ಸೀಮೆಯಲ್ಲಿ ಇಲ್ಲ. ಕೊಡಗಿನಲ್ಲೇ ಓದುವ ಮಕ್ಕಳ ತರಗತಿಗೆ ಇದು ಬರಬೇಕು.

ಬೈಲಕುಪ್ಪೆ ಮತ್ತು ನಾಗರಹೊಳೆಯನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ನಿರಾಶ್ರಿತರಿಗೆ ಭೂಮಿ ಸಿಕ್ಕದ್ದು ನ್ಯಾಯ. ಅದನ್ನು ಆದಿವಾಸಿಗಳ ನಷ್ಟದ ಎದುರು ನಿಲ್ಲಿಸುವುದು ಸಲ್ಲದು. ಹೋಲಿಕೆ ತೋರಿಸುವುದು ಇಷ್ಟನ್ನೇ: ಒಂದು ಕಡೆ ನೆರವು ಪಡೆಯುವವರ ಸಂಘಟನೆಯನ್ನು ಕೆಲಸದ ಆಧಾರವೆಂದು ಭಾವಿಸಲಾಯಿತು, ಇನ್ನೊಂದು ಕಡೆ ಅಡ್ಡಿಯೆಂದು.

5. ಉಳಿದುಕೊಂಡ ವಿದ್ಯಾರ್ಥಿಗಳು

ಅದೇ ಕಾಡಿನ ಇನ್ನೊಂದು ಅಂಚಿನಲ್ಲಿ, ಹೆಗ್ಗಡದೇವನಕೋಟೆಯಲ್ಲಿ, ಯುವಜನರೇ ಕಟ್ಟಿದ ಕೆಲಸವೊಂದಿದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಮೊದಲಿಗೆ ಕೆಲಸ ಸಣ್ಣದು: ವೈದ್ಯರಿಗೆ ಬರುವ ಮಾದರಿ ಔಷಧಗಳನ್ನು ಕೂಡಿಸಿ ಬಡ ರೋಗಿಗಳಿಗೆ ಕೊಡುವುದು, ರಕ್ತದಾನ, ಹಳ್ಳಿಗಳಿಗೆ ಹೋಗಿ ಚಿಕಿತ್ಸೆ. 1987ರಲ್ಲಿ ಅವರು ಬ್ರಹ್ಮಗಿರಿಗೆ ಬಂದು ನೆಲೆಸಿದರು. ಕಬಿನಿ ಜಲಾಶಯ ಮತ್ತು ಬಂಡೀಪುರದ ಕಾಡಿನಿಂದ ಎದ್ದುಬಂದ ಜೇನುಕುರುಬ, ಕಾಡುಕುರುಬರ ಹಾಡಿಗಳು ಅಲ್ಲಿದ್ದವು.

ಬಂದವರು ವೈದ್ಯರು. ಆದರೆ ದನದ ಕೊಟ್ಟಿಗೆಯಲ್ಲಿ ಶಾಲೆಯೊಂದು ಆರಂಭವಾಯಿತು, ಮುಂದೆ ಹೊಸಹಳ್ಳಿಯ ಬುಡಕಟ್ಟು ಮಕ್ಕಳ ಶಾಲೆಯಾಗಿ ಬೆಳೆಯಿತು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳು ಬಂದವು. ಕಾಯಿಲೆಗೆ ಔಷಧ ಕೊಡಲು ಬಂದವರು ಶಾಲೆ ಕಟ್ಟಬೇಕಾಯಿತು ಎಂಬಲ್ಲಿ ಒಂದು ಪಾಠವಿದೆ: ಏನು ಬೇಕು ಎಂಬುದನ್ನು ಅಲ್ಲಿಯೇ ಬಾಳಿ ತಿಳಿಯಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕಥೆಯೂ ಇದನ್ನೇ ಹೇಳುತ್ತದೆ. 1981ರಲ್ಲಿ ಶುರುವಾದ ಆ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು.

ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ ಒಬ್ಬ ವಿದ್ಯಾರ್ಥಿಯಿಂದ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ಒಂದು ಶಿಬಿರವನ್ನು ಬಯಸುತ್ತದೆ. ಇದು ಕಡಿಮೆಯೇನಲ್ಲ. ಆದರೆ ಏಳು ದಿನದ ಶಿಬಿರ ಪ್ರತಿ ವರ್ಷ ಬೇರೆ ಊರಿಗೆ ಹೋದರೆ, ಹಿಂದಿನ ವರ್ಷ ಮಾಡಿದ್ದು ಏನಾಯಿತು ಎಂದು ಕೇಳುವವರೇ ಇರುವುದಿಲ್ಲ.

2018 ಮತ್ತು 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಲೂ ಪ್ರವಾಹ ಬಂದಾಗಲೂ ಕೊಡಗಿನ ಯುವಜನ ಹಿಂದೆ ಮುಂದೆ ನೋಡದೆ ಪರಿಹಾರಕ್ಕೆ ಇಳಿದರು. ಆ ಉತ್ಸಾಹಕ್ಕೆ ಅಳತೆಗೋಲೂ ಬೇಕು. ಮಾನವೀಯ ನೆರವಿನ ಕನಿಷ್ಠ ಮಾನದಂಡಗಳನ್ನು ಹೇಳುವ ಸ್ಫಿಯರ್ ಕೈಪಿಡಿಯ ಪ್ರಕಾರ ನಿರಾಶ್ರಿತರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ಸೂರಿನಡಿಯ ಜಾಗ, ಶಿಬಿರ ಮುಂದುವರಿದರೆ 20 ಜನರಿಗೊಂದು ಶೌಚಾಲಯ ಇರಬೇಕು. ಈ ಅಂಕಿಗಳನ್ನು ಶಿಬಿರದಲ್ಲಿರುವವರಿಗೇ ತಿಳಿಸಿದರೆ ಅವು ಅವರ ಹಕ್ಕಾಗುತ್ತವೆ. ಕಚೇರಿಯಲ್ಲೇ ಇಟ್ಟುಕೊಂಡರೆ ಬರೀ ಗುರಿಗಳು.

6. ಒಂದು ಅರ್ಜಿಯನ್ನು ಹತ್ತಿರದಿಂದ ನೋಡಿದರೆ

2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ತುಂಬುವ ಕೆಲಸ, ಯುವಜನರು ಕಲಿಯಬಹುದಾದ ಎಲ್ಲವನ್ನೂ ಒಂದೆಡೆ ತರುತ್ತದೆ. ಹಾಡಿಯ ಗ್ರಾಮಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಸಮಿತಿಯವರು ಹಿರಿಯರ ಜೊತೆ ಕಾಡಿನಲ್ಲಿ ನಡೆಯುತ್ತಾರೆ. ಇಲ್ಲಿ ನಮ್ಮ ತಾತನ ಸಮಾಧಿ, ಇಲ್ಲಿ ದೇವರ ಕಲ್ಲು, ಇದು ನಾವು ನೀರು ತೋಡುತ್ತಿದ್ದ ಗುಂಡಿ, ಈ ಮರದಲ್ಲಿ ಜೇನು ಇಳಿಸುತ್ತಿದ್ದೆವು. ಇವನ್ನೆಲ್ಲ ಕಾನೂನು ಸಾಕ್ಷ್ಯವೆಂದು ಒಪ್ಪುತ್ತದೆ. ನಿಯಮಗಳ 13ನೇ ಕಲಮಿನಲ್ಲಿ ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಿವೆ. ಬರಹಕ್ಕಿಳಿಸಿದ ಹಿರಿಯರ ಹೇಳಿಕೆ ಇದೆ. ಸಂಶೋಧನಾ ಅಧ್ಯಯನಗಳೂ ಇವೆ. ಉಪಗ್ರಹ ಚಿತ್ರವೊಂದನ್ನೇ ಸಾಕ್ಷ್ಯವಾಗಿ ಕೇಳುವಂತಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು, ಮೇಲ್ಮನವಿಗೆ 60 ದಿನಗಳಿವೆ.

ಈ ನಡಿಗೆಯಲ್ಲಿ ಪೆನ್ನು ಹಿಡಿದವರ ಹೊಣೆ ದೊಡ್ಡದು. ಜೇನುಕುರುಬ ನುಡಿಯಲ್ಲೋ ಯರವರ ನುಡಿಯಲ್ಲೋ ಹಿರಿಯರು ಹೇಳಿದ್ದನ್ನು ಕಚೇರಿಯ ಕನ್ನಡಕ್ಕೆ ತರುವಾಗ ಒಂದು ಮರದ ಹೆಸರು ತಪ್ಪಿದರೆ ಒಂದು ಗಡಿ ತಪ್ಪುತ್ತದೆ. ಬರೆದದ್ದನ್ನು ಅವರ ಮುಂದೆ ಓದಿ ಹೇಳಿ, ಅವರು ಹೌದೆಂದ ಮೇಲೆಯೇ ಹೆಬ್ಬೆಟ್ಟು ಒತ್ತಿಸಬೇಕು. ಈ ಕೆಲಸಕ್ಕೆ ಹಾಡಿಯಲ್ಲಿ ಹುಟ್ಟಿ ಶಾಲೆ ಕಲಿತವರಿಗಿಂತ ತಕ್ಕವರು ಬೇರಿಲ್ಲ.

ಫಲ ಸಿಕ್ಕ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರ ಸಮುದಾಯ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ನಾಗರಹೊಳೆಯಲ್ಲಿ ವಿಷಯ ಇನ್ನೂ ಬಿಸಿಯಾಗಿದೆ: 2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕನ್ನು ಮುಂದಿಟ್ಟು ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಯ ತಮ್ಮ ಹಳೆಯ ನೆಲಕ್ಕೆ ಮರಳಿದವು.

7. ನಿಲುವು

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ 2250ನೇ ನಿರ್ಣಯ, ಶಾಂತಿ ಮತ್ತು ಭದ್ರತೆಯ ತೀರ್ಮಾನಗಳಲ್ಲಿ ಯುವಜನರಿಗೆ ಪಾಲು ಇರಬೇಕು ಎನ್ನುತ್ತದೆ. ಮರುವರ್ಷ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ಯುವಜನರಿಗಾಗಿಯೇ ಒಂದು ಒಡಂಬಡಿಕೆ ರೂಪುಗೊಂಡಿತು. ಇವುಗಳಲ್ಲಿ ಬರುವ ‘ಯುವಜನ’ ಎಂದರೆ ನೆರವು ಕೊಡಲು ಹೋಗುವವರು ಮಾತ್ರವಲ್ಲ, ನೆರವು ಬರುವ ಊರಿನಲ್ಲಿ ಹುಟ್ಟಿದವರೂ ಹೌದು. ತಿತಿಮತಿಯ ಮಟ್ಟಿಗೆ ಹಾಗೆಂದರೆ ಹಾಡಿಯ ಮಕ್ಕಳು.

ಆದ್ದರಿಂದ ಮೂರು ಸಲಹೆಗಳು. ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಯ ಕಾಲೇಜುಗಳು ತಮ್ಮ ಸೇವಾ ಯೋಜನೆಯ ಘಟಕಗಳನ್ನು ವರ್ಷವರ್ಷ ಬೇರೆ ಊರಿಗೆ ಕಳಿಸುವ ಬದಲು, ಒಪ್ಪುವ ಒಂದೊಂದು ಹಾಡಿಯ ಗ್ರಾಮಸಭೆಯ ಜೊತೆ ಹಲವು ವರ್ಷಗಳಿಗೆ ಜೋಡಿಸಬೇಕು. ಏನು ಕೆಲಸ ಎಂಬುದನ್ನು ಗ್ರಾಮಸಭೆಯೇ ಹೇಳಬೇಕು, ವರ್ಷದ ಕೊನೆಗೆ ವಿದ್ಯಾರ್ಥಿಗಳು ಅಲ್ಲಿಯೇ ವರದಿ ಒಪ್ಪಿಸಬೇಕು. ಎರಡನೆಯದು, ಸಮೀಕ್ಷೆ, ಅನುವಾದ, ನಕ್ಷೆಯ ಕೆಲಸಗಳಿಗೆ ಆದಿವಾಸಿ ಯುವಜನರನ್ನೇ ಮೊದಲು ತೆಗೆದುಕೊಳ್ಳಬೇಕು, ಸಂಬಳ ಕೊಡಬೇಕು. ಬಡವರ ಮಕ್ಕಳಿಂದ ಪುಕ್ಕಟೆ ಸೇವೆ ಕೇಳುವುದು ಸೇವೆಯಲ್ಲ. ಮೂರನೆಯದು, ಈ ಸೀಮೆಯಲ್ಲಿ ಸಂಶೋಧನೆ ಮಾಡುವ ನಾವೆಲ್ಲ ನಮ್ಮ ಬರಹದ ಕನ್ನಡ ಪ್ರತಿಯೊಂದನ್ನು ಹಾಡಿಯ ಅರಣ್ಯ ಹಕ್ಕು ಸಮಿತಿಗೆ ಕೊಡಬೇಕು. ಕಾನೂನಿನ ಕಣ್ಣಿನಲ್ಲಿ ಅದು ಅವರಿಗೆ ಸಾಕ್ಷ್ಯವಾಗಬಲ್ಲದು.

ಹೀಗೆ ಪಳಗಿದ ಹುಡುಗಿಯೊಬ್ಬಳು ನಾಳೆ ಸೂಡಾನಿನ ನಿರಾಶ್ರಿತರ ಶಿಬಿರಕ್ಕೋ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಕ್ಕೋ ಕೆಲಸಕ್ಕೆ ಹೋದರೆ, ಅಲ್ಲಿನ ಜನರ ಸಮಿತಿ ಯಾವುದು, ಅವರು ದೂರು ಕೊಡುವುದು ಎಲ್ಲಿ, ಆ ದೂರಿಗೆ ಎಷ್ಟು ದಿನಗಳಲ್ಲಿ ಉತ್ತರ ಸಿಗುತ್ತದೆ ಎಂದು ಮೊದಲ ದಿನವೇ ಕೇಳುತ್ತಾಳೆ. ನೆರವಿನ ಕೆಲಸಕ್ಕೆ ಈಗ ಬೇಕಾಗಿರುವುದು ಹೀಗೆ ಕೇಳಬಲ್ಲವರು, ಮತ್ತು ಅವರನ್ನು ತಯಾರು ಮಾಡಲು ಬೇಕಾದ ಅನುಭವ ತಿತಿಮತಿಯ ಹಾಡಿಗಳಲ್ಲಿ ಈಗಾಗಲೇ ಇದೆ.