ಒಂದು ಪೌಂಡ್ ಜೋಳದ ದಮ್ಮು

ಸೊಲ್ಲಾಪುರ ಬಿಟ್ಟ ರೈಲಿಗೆ ಹೋಟಗಿಯಲ್ಲಿ ದಾರಿ ಎರಡಾಗುತ್ತದೆ. ಒಂದು ಅಕ್ಕಲಕೋಟೆ ರೋಡ್ ಹಾದು ಕಲಬುರಗಿ, ವಾಡಿ, ರಾಯಚೂರಿನತ್ತ. ಇನ್ನೊಂದು ಭೀಮೆ ದಾಟಿ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ. ಎರಡನೆಯದು ಬರದ ಹೊಟ್ಟೆಯಲ್ಲಿ ಹುಟ್ಟಿದ ಹಾದಿ. 1876ರಿಂದ 1878ರ ವರೆಗಿನ ಧಾತು ಈಶ್ವರ ಬರ ಮುಗಿದ ಮೇಲೆ, ಕಾಳು ಹೊತ್ತು ತರುವ ಹಳಿಯೇ ಇಲ್ಲದ ಸೀಮೆಗೆ ಹಳಿ ಬೇಕೆಂದು ತೀರ್ಮಾನವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರಲ್ಲಿ ಹೋಟಗಿ–ಗದಗ ಮೀಟರ್ ಗೇಜ್ ಹಾದಿ ಓಡಾಟಕ್ಕೆ ತೆರೆಯಿತು. ಅಂಥ ಹಾದಿಗಳನ್ನು ಆ ಕಾಲದವರು ಬರದ ಹಾದಿಗಳೆಂದೇ ಕರೆದರು. ಇದೇ ಹಳಿಯ ಬದಿಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಈಗ ಸೈಕಲ್ ಪಂದ್ಯಕ್ಕೆ ಹೆಸರಾಗಿವೆ. ಒಕ್ಕಲುತನದ ಮನೆಗಳ ಹುಡುಗ ಹುಡುಗಿಯರು ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಏರಿದ್ದಾರೆ. ಇಂದಿನ ಸೈಕಲ್ ಸವಾರರಿಗೆ ಒಂದು ಪರೀಕ್ಷೆ ಇದೆ. ಮನೆಯೊಳಗೆ ನಿಲ್ಲಿಸಿದ ಸೈಕಲ್ಲನ್ನು ತುಳಿದು, ತಮ್ಮ ಮೈ ಹೆಚ್ಚುಕಡಿಮೆ ಒಂದು ತಾಸು ಎಷ್ಟು ಕೆಲಸವನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ಅವರು ವ್ಯಾಟ್ ಲೆಕ್ಕದಲ್ಲಿ ಕಂಡುಕೊಳ್ಳುತ್ತಾರೆ. ಇದೇ ಪ್ರಶ್ನೆಯನ್ನು ಈ ಸೀಮೆಯ ಮೈಗಳಿಗೆ 1877ರಲ್ಲಿಯೂ ಕೇಳಲಾಗಿತ್ತು. ಆಗ ಉತ್ತರ ತಪ್ಪಿತು. ದುಡಿಯುವವನ ಕೈಯಿಂದ ಕೆಲಸದ ಗತಿಯನ್ನು ಕಿತ್ತುಕೊಂಡು, ಅವನ ಹೊಟ್ಟೆಯ ಲೆಕ್ಕವನ್ನೂ ಬಿಟ್ಟು ಅಳೆದದ್ದೇ ಅದಕ್ಕೆ ಕಾರಣ ಎಂಬುದು ನನ್ನ ವಾದ.

ಮೊದಲು ಇಂದಿನ ಪರೀಕ್ಷೆಯನ್ನು ನೋಡೋಣ, ಏಕೆಂದರೆ ಅಂದಿನದನ್ನು ತೂಗುವ ತಕ್ಕಡಿ ಅದರಲ್ಲಿದೆ. ನಮ್ಮ ಕಡೆ ಓಡುವವನಿಗೆ, ಹೊರುವವನಿಗೆ, ಕುಸ್ತಿ ಹಿಡಿಯುವವನಿಗೆ ಬೇಕಾದದ್ದನ್ನು ದಮ್ಮು ಅನ್ನುತ್ತಾರೆ. ಅದು ಒಮ್ಮೆ ಕಲ್ಲೆತ್ತುವ ಬಲ ಬೇರೆ, ಎತ್ತುತ್ತಲೇ ಇರುವ ಬಲ ಬೇರೆ ಎಂದು ತಿಳಿದವರ ಮಾತು. 1965ರಲ್ಲಿ ಫ್ರಾನ್ಸಿನ ಮೋನೋ ಮತ್ತು ಶೆರೇರ್ ಈ ವ್ಯತ್ಯಾಸವನ್ನು ಗಣಿತಕ್ಕೆ ಇಳಿಸಿದರು: ಸ್ನಾಯುವಿಗೆ ದೀರ್ಘ ಹೊತ್ತು ನಡೆಸಬಲ್ಲ ಒಂದು ಮಟ್ಟವಿದೆ, ಅದರ ಮೇಲೆ ಖರ್ಚು ಮಾಡಬಲ್ಲ ಒಂದು ಸಣ್ಣ ಗಂಟೂ ಇದೆ. ಸವಾರನೊಬ್ಬನ ಮಟ್ಟ 200 ವ್ಯಾಟ್, ಗಂಟು 15,000 ಜೂಲ್ ಎಂದು ಹಿಡಿಯಿರಿ. ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಅವನು ಹುರುಪಿನಿಂದ ಮೊದಲಿಗೇ 260 ವ್ಯಾಟ್ ತುಳಿದರೆ ಪ್ರತಿ ಸೆಕೆಂಡಿಗೂ 60 ಜೂಲ್ ಗಂಟಿನಿಂದ ಹೋಗುತ್ತದೆ. ನಾಲ್ಕು ನಿಮಿಷ ದಾಟುತ್ತಲೇ ಗಂಟು ಬರಿದು. ಉಳಿದ ಹದಿನಾರು ನಿಮಿಷ ಅವನು ತನ್ನ ಮಟ್ಟಕ್ಕಿಂತ ಕೆಳಗೆ ತೆವಳುತ್ತಾನೆ, ಪರೀಕ್ಷೆ ಅವನ ಅವಸರವನ್ನು ಅಳೆಯುತ್ತದೆಯೇ ಹೊರತು ದಮ್ಮನ್ನಲ್ಲ. ಅದೇ ಗಂಟನ್ನು ಇಪ್ಪತ್ತು ನಿಮಿಷಕ್ಕೆ ಸಮನಾಗಿ ಹರಡಿದರೆ ಸೆಕೆಂಡಿಗೆ ಹನ್ನೆರಡೂವರೆ ಜೂಲ್ ಬೀಳುತ್ತದೆ, ಸರಾಸರಿ 212 ವ್ಯಾಟ್ ಚಿಲ್ಲರೆ. ಅದರ ಶೇಕಡ 95 ತೆಗೆದರೆ 202, ಹೆಚ್ಚುಕಡಿಮೆ ನಿಜವಾದ ಮಟ್ಟ. ಹಂಟರ್ ಅಲೆನ್ ಮತ್ತು ಆಂಡ್ರೂ ಕಾಗನ್ ಬಳಕೆಗೆ ತಂದ ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಶೇಕಡ ಐದು ಕಳೆಯುವುದರ ಹಿಂದಿರುವ ತರ್ಕ ಇದೇ ಬಗೆಯದು. ಅದಕ್ಕೂ ಮುಂಚೆ ಐದು ನಿಮಿಷ ಮೈಮುರಿದು ತುಳಿಸುವುದೂ ಗಂಟನ್ನು ಕರಗಿಸಲಿಕ್ಕೇ. ಹೀಗಾಗಿ ಗತಿಯ ಹದ ಈ ಅಳತೆಯ ಒಳಗಿನದೇ ಅಂಗ. ಆ ಹದವನ್ನು ಹಿಡಿಯಬಲ್ಲವರು ಪೆಡಲ್ ಮೇಲೆ ಕಾಲಿಟ್ಟವರೊಬ್ಬರೇ. ಎದೆಯ ಬಡಿತವೂ ತೊಡೆಯ ಉರಿಯೂ ತಿಳಿಯುವುದು ಅವರಿಗೆ.

ಈ ತಿಳಿವಳಿಕೆ ತೀರ ಹೊಸದೂ ಅಲ್ಲ. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರ ಮಾರಲಿಕ್ಕೆ ಕುದುರೆಯ ಬಲವನ್ನು ನಿಮಿಷಕ್ಕೆ 33,000 ಅಡಿ ಪೌಂಡ್ ಎಂದು ಗೊತ್ತುಮಾಡಿದ ಕಾಲಕ್ಕೇ, ವಿದ್ಯುತ್ತಿನ ನಿಯಮಕ್ಕೆ ಹೆಸರು ಕೊಟ್ಟ ಕೂಲಂಬ್ ಮನುಷ್ಯರ ದಿನದ ದುಡಿಮೆಯನ್ನು ಅಳೆಯುತ್ತಿದ್ದ. ಅವನು ಸೈನ್ಯದ ಎಂಜಿನಿಯರ್; ಕೆರಿಬಿಯನ್ ದ್ವೀಪ ಮಾರ್ಟಿನೀಕ್‌ನಲ್ಲಿ ಕೋಟೆ ಕಟ್ಟಿಸಿದವನು. ಮಣ್ಣು ಹೊರುವವನ ಮೇಲೆ ಎಷ್ಟು ಭಾರ ಹೇರಿದರೆ, ಎಷ್ಟು ಬಿಡುವು ಕೊಟ್ಟರೆ ಸಂಜೆಯ ಹೊತ್ತಿಗೆ ಅತಿ ಹೆಚ್ಚು ಕೆಲಸ ಆಗುತ್ತದೆ ಎಂಬುದು ಅವನ ಪ್ರಶ್ನೆ. ಒಂದು ಗಂಟೆಯ ಕೆಲಸ ನೋಡಿ ದಿನದ್ದನ್ನು ಗುಣಿಸಿ ಹೇಳುವುದು ಮೋಸದ ಲೆಕ್ಕ ಎಂದು ಅವನು ಕಂಡುಕೊಂಡಿದ್ದ. ಉಷ್ಣ ದೇಶದಲ್ಲಿ ಅದೇ ಸೈನಿಕರು ಫ್ರಾನ್ಸಿನಲ್ಲಿ ಮಾಡುತ್ತಿದ್ದ ಕೆಲಸದ ಅರ್ಧವನ್ನೂ ಮಾಡಲಾರರು ಎಂದೂ ಬರೆದ. ಧಾತು ಬರ ಬರುವ ಹೊತ್ತಿಗೆ ಅವನು ಸತ್ತು ಎಪ್ಪತ್ತು ವರ್ಷವಾಗಿತ್ತು. ಯುರೋಪಿನಲ್ಲಿ ಕಲಿತು ಬಂದ ಎಂಜಿನಿಯರುಗಳಿಗೆ ಈ ವಿಷಯ ನಿಲುಕದ ವಿದ್ಯೆಯಾಗಿರಲಿಲ್ಲ.

1876ರಲ್ಲಿ ಮುಂಗಾರಿ ಕೈಕೊಟ್ಟಿತು, ಬಿಳಿಜೋಳ ಬಿತ್ತುವ ಹಿಂಗಾರಿಯೂ ಹೋಯಿತು. ಎರಿ ಹೊಲದ ಸೀಮೆಗೆ ಹಿಂಗಾರಿ ಹೋಯಿತೆಂದರೆ ವರ್ಷವೇ ಹೋದಂತೆ. ಸೊಲ್ಲಾಪುರ, ಆಗಿನ ಕಲಾದಗಿ ಅಂದರೆ ಇಂದಿನ ವಿಜಯಪುರ–ಬಾಗಲಕೋಟೆ ಸೀಮೆ, ಧಾರವಾಡ, ಬಳ್ಳಾರಿ ಇವು ಅತಿ ಹೆಚ್ಚು ಬೆಂದವು. ಸರಕಾರ ಬರಗಾಲದ ಕಾಮಗಾರಿ ತೆರೆಯಿತು: ಕೆರೆ ತೋಡು, ರಸ್ತೆಗೆ ಮಣ್ಣು ಹಾಕು, ಖಡಿ ಒಡೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ಬಂದ. ಅವನ ಸಲಹೆಯಂತೆ ಗಂಡಾಳಿನ ಕೂಲಿ ಒಂದು ಪೌಂಡ್ ಕಾಳಿನ ಬೆಲೆ, ಜೊತೆಗೆ ಉಪ್ಪು ಬೇಳೆಗೆ ಅರ್ಧ ಆಣೆ, ಇಷ್ಟಕ್ಕೆ ಇಳಿಯಿತು; ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಮಂದಿ ಬುಟ್ಟಿ ಸಲಿಕೆ ಬಿಟ್ಟು ಹೊರನಡೆದರು. ಹಸಿದವರು ಕೂಲಿಗೆ ಬೆನ್ನು ತಿರುಗಿಸಿದ ಈ ಘಟನೆ ನಮ್ಮ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ದುಡಿಯುವ ಗಂಡಸಿಗೆ ಒಂದೂವರೆ ಪೌಂಡ್ ಕಾಳಾದರೂ ಬೇಕೆಂದು ಪಟ್ಟು ಹಿಡಿದ. 1877ರ ಮೇ ತಿಂಗಳಲ್ಲಿ ಮದ್ರಾಸ್ ಸರಕಾರ ಒಂದು ಪೌಂಡಿನ ನಿಯಮವನ್ನು ಕೈಬಿಟ್ಟಿತು.

ಆ ಒಂದು ಪೌಂಡನ್ನು ಸವಾರನ ಭಾಷೆಗೆ ತಿರುಗಿಸಿ ನೋಡಬೇಕು. ಪೌಂಡೆಂದರೆ 454 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 350 ಕಿಲೋಕ್ಯಾಲೊರಿ; ಒಟ್ಟು 1,600ಕ್ಕೆ ಸ್ವಲ್ಪ ಕಡಿಮೆ. ಐವತ್ತು ಕಿಲೋ ತೂಕದ ಮನುಷ್ಯ ಕೈಕಾಲು ಆಡಿಸದೆ ಮಲಗಿದ್ದರೂ ಉಸಿರಾಟಕ್ಕೆ, ಮೈಬಿಸಿಗೆ, ಎದೆಯ ಬಡಿತಕ್ಕೆ ದಿನಕ್ಕೆ 1,300ರಷ್ಟು ಸುಟ್ಟುಹೋಗುತ್ತದೆ. ಉಳಿದದ್ದು ಮುನ್ನೂರಕ್ಕಿಂತ ಕಡಿಮೆ. ಸ್ನಾಯು ಅದರಲ್ಲಿ ಐದನೆಯ ಒಂದು ಪಾಲು ಇಲ್ಲವೇ ಸ್ವಲ್ಪ ಹೆಚ್ಚನ್ನು ಮಾತ್ರ ಹೊರಗಿನ ಕೆಲಸವಾಗಿ ಮಾರ್ಪಡಿಸಬಲ್ಲದು, ಮಿಕ್ಕದ್ದು ಬೆವರಿನ ಬಿಸಿ. ಹಾಗೆ ದಕ್ಕುವ ಕೆಲಸ ಎರಡೂವರೆ ಲಕ್ಷ ಜೂಲ್. ಸವಾರ 200 ವ್ಯಾಟಿನಲ್ಲಿ ಇಪ್ಪತ್ತು ನಿಮಿಷ ತುಳಿದರೆ ಆಗುವ ಕೆಲಸ 2,40,000 ಜೂಲ್. ಅಂದರೆ ಟೆಂಪಲ್ ಕೊಟ್ಟ ಕಾಳು, ಬರೀ ಜೀವ ಹಿಡಿದಿಡುವ ಖರ್ಚು ಕಳೆದು, ಇಂದಿನ ಒಂದು ಪರೀಕ್ಷೆಗೆ ಸಾಕಾಗುತ್ತಿತ್ತು, ಒಂದು ದಿನಕ್ಕಲ್ಲ. ಅದೂ ಕಾಮಗಾರಿಗೆ ನಡೆದು ಹೋಗಿ ಬರುವುದನ್ನು ಲೆಕ್ಕಕ್ಕೆ ಹಿಡಿಯದೆ. ಮಣ್ಣು ಅಗೆಯುವ ಕೆಲಸದಲ್ಲಿ ಕೂಲಿಯವನು ಪ್ರತಿ ಸಲವೂ ಬಗ್ಗಿ ಏಳುವಾಗ ಮಣ್ಣಿನ ಜೊತೆಗೆ ತನ್ನ ಮೈಯನ್ನೂ ಎತ್ತುತ್ತಾನೆ. ಅಳತೆಗೋಲಿಗೆ ಕಾಣುವುದು ಮಣ್ಣು ಮಾತ್ರ. ಅರ್ಧ ಆಣೆಯ ಬೇಳೆ ಈ ಲೆಕ್ಕವನ್ನು ಒಂದಿಷ್ಟು ಹಿಗ್ಗಿಸಬಹುದು, ಬದಲಿಸಲಾರದು. ಕೊರತೆ ಬಿದ್ದದ್ದನ್ನು ಮೈ ತನ್ನ ಮಾಂಸದಿಂದಲೇ ತುಂಬಿಕೊಂಡಿತು. 1872ರ ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಸೀಮೆ ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತು. ಗುಳೆ ಹೋದವರು, ಜ್ವರ ಕಾಲರಾಗಳಿಗೆ ಬಲಿಯಾದವರು, ಹಸಿವಿನಿಂದ ಸತ್ತವರು ಎಲ್ಲರೂ ಅದರಲ್ಲಿದ್ದಾರೆ.

ಟೆಂಪಲ್ಲನ ಪರವಾಗಿ ಹೇಳುವ ಮಾತುಗಳಿವೆ, ಅವನ್ನು ತಳ್ಳಿಹಾಕಬಾರದು. 1873–74ರ ಬಿಹಾರ ಬರದಲ್ಲಿ ಇದೇ ಮನುಷ್ಯ ಬರ್ಮಾದಿಂದ ಅಕ್ಕಿ ತರಿಸಿ, ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದ. ಅದಕ್ಕೆ ಅವನಿಗೆ ಸಿಕ್ಕದ್ದು ದುಂದುಗಾರನೆಂಬ ಬೈಗುಳ. ಒಂದು ಪೌಂಡ್ ಹಗುರ ಕೆಲಸದವರಿಗೆಂದು ಇಟ್ಟದ್ದು, ಪೂರ್ತಿ ಕೆಲಸದವರಿಗೆ ಹೆಚ್ಚಿತ್ತು ಎಂಬುದು ಇನ್ನೊಂದು ಸಮಜಾಯಿಷಿ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಆ ಕಾಮಗಾರಿ ಮೈಯ ತಾಕತ್ತಿನ ಪರೀಕ್ಷೆಯೇ ಆಗಿರಲಿಲ್ಲ, ಬಡತನದ ಪರೀಕ್ಷೆ, ನಿಜವಾಗಿ ಹಸಿದವನು ಮಾತ್ರ ಬರಲಿ ಎಂದು ಬೇಕೆಂತಲೇ ಕಷ್ಟ ಮಾಡಿಟ್ಟ ಬಾಗಿಲು, ಅದನ್ನು ಸೈಕಲ್ ಪರೀಕ್ಷೆಯೊಂದಿಗೆ ಹೋಲಿಸುವುದೇ ತಪ್ಪು. ಹಗುರ ಕೆಲಸದ ಮಾತಿಗೆ ಮೇಲಿನ ಲೆಕ್ಕವೇ ಉತ್ತರ: ಬಿಸಿಲಿನಲ್ಲಿ ಮಣ್ಣುಬುಟ್ಟಿ ಹೊರುವುದಕ್ಕೆ ಯಾವ ಹೆಸರಿಟ್ಟರೂ ದಿನವೊಂದಕ್ಕೆ ಇಪ್ಪತ್ತು ನಿಮಿಷದ ಕಸುವು ಸಾಲದು. ಬಡತನದ ಪರೀಕ್ಷೆ ಎಂಬ ಮಾತು ನಿಜ, ಆದರೆ ಅದು ನನ್ನ ವಾದವನ್ನು ಗಟ್ಟಿಯೇ ಮಾಡುತ್ತದೆ. ಬಡವನನ್ನು ಗುರುತಿಸಲು ಇಟ್ಟ ಸಾಧನ ಅವನ ದಮ್ಮು. ದಮ್ಮು ಮೊದಲು ಆರುವುದು ಅತಿ ಬಡವನದೇ. ಹಾಗಾಗಿ ಈ ಪರೀಕ್ಷೆಯಲ್ಲಿ ಪಾಸಾಗುವವನು ಇನ್ನೂ ಸ್ವಲ್ಪ ತಿಂದುಂಡು ಬಂದವನು. ಸೋಲುವವನು ಯಾರಿಗಾಗಿ ಕಾಮಗಾರಿ ತೆರೆಯಿತೋ ಅವನು. ತಾನು ಹುಡುಕಲು ಹೊರಟವನನ್ನೇ ಹೊರಗೆ ದೂಡುವ ಪರೀಕ್ಷೆಯನ್ನು ಆಗಿನ ಮಾನದಂಡದಿಂದಲೂ ಸರಿ ಅನ್ನಲಾಗದು. ಆ ಕಾಳು ಸಾಲದೆಂದು ಕಾರ್ನಿಷ್ ಆಗಲೇ ಅಂದಿದ್ದ.

ಸರಕಾರ ಪಾಠ ಕಲಿಯಲಿಲ್ಲ ಎಂದರೆ ಅನ್ಯಾಯವಾದೀತು. ರಿಚರ್ಡ್ ಸ್ಟ್ರೇಚಿ ಅಧ್ಯಕ್ಷನಾಗಿದ್ದ ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಬರಗಾಲ ಸಂಹಿತೆಯ ಕರಡು ಬಂತು. ಮೈಯ ಶಕ್ತಿಗೆ ತಕ್ಕಂತೆ ಆಳುಗಳನ್ನು ವರ್ಗ ಮಾಡಬೇಕು, ಕೆಲಸದ ಪ್ರಮಾಣ ಅದಕ್ಕೆ ಹೊಂದಬೇಕು ಎಂಬ ವಿವೇಕ ಮೂಡಿತು. ಹೋಟಗಿಯ ಹಳಿಯೂ ಅದೇ ವಿವೇಕದ ಕೂಸು. ಆದರೆ ಗತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 1899–1900ರ ಬರದಲ್ಲಿ ಮುಂಬಯಿ ಪ್ರಾಂತದ ಕಾಮಗಾರಿಗಳಲ್ಲಿ ಗೊತ್ತುಮಾಡಿದಷ್ಟು ಘನ ಅಡಿ ಮುಗಿಸದ ಗುಂಪಿನ ಕೂಲಿಯನ್ನು ಶಿಕ್ಷೆಯ ಕನಿಷ್ಠಕ್ಕೆ ಇಳಿಸುವ ಪದ್ಧತಿ ಜಾರಿಯಲ್ಲಿತ್ತು. ಇದರ ಸುಳಿಯನ್ನು ಗಮನಿಸಿ: ನಿನ್ನೆ ಕಡಿಮೆ ತಿಂದವನು ಇಂದು ಕಡಿಮೆ ಅಗೆಯುತ್ತಾನೆ, ಕಡಿಮೆ ಅಗೆದದ್ದಕ್ಕೆ ನಾಳೆ ಇನ್ನೂ ಕಡಿಮೆ ತಿನ್ನುತ್ತಾನೆ. ಸವಾರ ಮೊದಲ ನಾಲ್ಕು ನಿಮಿಷದಲ್ಲಿ ತಪ್ಪಿದರೆ ಇಳಿದು, ಉಂಡು, ಎರಡು ದಿನ ಬಿಟ್ಟು ಮತ್ತೆ ತುಳಿಯುತ್ತಾನೆ. ಗುಂಪಿನ ಅಳತೆಯಲ್ಲಿ ಇನ್ನೊಂದು ತೊಡಕೂ ಇತ್ತು. ಗಟ್ಟಿಯಾದವನು ತನ್ನ ಗತಿಗೆ ಎಳೆದರೆ ಬಡಕಲು ಮೈಯವನ ಗಂಟು ಬೆಳಗಿನ ಹೊತ್ತಿಗೇ ಕರಗುತ್ತದೆ. ಬಡಕಲಿನವನ ಗತಿಗೆ ಇಳಿದರೆ ಎಲ್ಲರ ಕೂಲಿಗೂ ಕತ್ತರಿ. ಪಕ್ಕದವನ ಮೈಯನ್ನು ತನ್ನ ರೊಟ್ಟಿಯ ಶತ್ರುವಾಗಿ ನೋಡುವಂತೆ ಮಾಡುವ ಇಂಥ ಏರ್ಪಾಟಿನ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡಲಾರೆ.

ಆಟದ ಸೈಕಲ್ಲನ್ನೂ ಸಾವಿನ ಸಲಿಕೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ಸತ್ತವರಿಗೆ ಅಗೌರವವಲ್ಲವೇ ಎಂದು ಕೇಳುವವರಿದ್ದಾರೆ. ಇವೆರಡರ ನಡುವಿನ ಅಂತರ ನನಗೂ ಗೊತ್ತು: ಒಬ್ಬನು ಇಚ್ಛೆಪಟ್ಟು ದಣಿಯುತ್ತಾನೆ, ಇನ್ನೊಬ್ಬನು ಬೇರೆ ದಾರಿಯಿಲ್ಲದೆ. ಆದರೆ ಸ್ನಾಯುವಿಗೆ ಆ ಅಂತರ ತಿಳಿಯದು, ಜೋಳವನ್ನು ಕೆಲಸವಾಗಿಸುವ ಲೆಕ್ಕ ಇಬ್ಬರಿಗೂ ಒಂದೇ. ಈಗ ಪಂದ್ಯದ ಹುಡುಗರಿಗೆ ಸಿಕ್ಕಿರುವ ನಿಖರ ಜ್ಞಾನವನ್ನು ಕೂಲಿಯವರ ಚರಿತ್ರೆ ಓದಲು ಬಳಸದಿದ್ದರೆ, ಆ ಚರಿತ್ರೆ ಅಧಿಕಾರಿಗಳ ಘನ ಅಡಿಯಲ್ಲೇ ಉಳಿದುಬಿಡುತ್ತದೆ. ಅದೂ ಅಲ್ಲದೆ ಇದು ಮುಗಿದ ಕಥೆಯಲ್ಲ. 1972ರ ಬರದಲ್ಲಿ ಸೊಲ್ಲಾಪುರ ಸೀಮೆಯ ಊರೂರು ಮತ್ತೆ ಖಡಿ ಒಡೆಯಲು ಕೂತವು. 1973ರ ಬೇಸಿಗೆಯ ತುದಿಯಲ್ಲಿ ಮಹಾರಾಷ್ಟ್ರದಾದ್ಯಂತ ಸುಮಾರು 50 ಲಕ್ಷ ಜನ ಕಾಮಗಾರಿಗಳ ಮೇಲಿದ್ದರು. ಆಗ ಕೆಲಸದ ಜಾಗದಲ್ಲಿ ಸುಕಡಿ ಎಂಬ ತಿನಿಸು ಹಂಚಿದ್ದು, ಕೂಲಿಯ ಜೊತೆಗೆ ಹೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿದ ದೊಡ್ಡ ಬದಲಾವಣೆ. 1977ರ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕಾಯ್ದೆ ಈ ಅನುಭವವನ್ನು ಹಕ್ಕಾಗಿಸಿತು. 2005ರ ರಾಷ್ಟ್ರೀಯ ಕಾಯ್ದೆ ಬಂದಾಗ, ಸಾಮಾನ್ಯವಾಗಿ ಏಳು ತಾಸು ದುಡಿದವರಿಗೆ ಪೂರ್ತಿ ಕೂಲಿ ಹುಟ್ಟುವಂತೆ ಕೆಲಸದ ದರ ಇರಬೇಕು ಎಂದು ಅದರ ಪರಿಶಿಷ್ಟದಲ್ಲೇ ಬರೆಯಲಾಯಿತು. ಏಳು ತಾಸಿನ ಮಟ್ಟ ಎಷ್ಟೆಂಬುದು, ವ್ಯಾಟ್ ಎಂಬ ಪದ ಇಲ್ಲದಿದ್ದರೂ, ಸವಾರ ಕೇಳುವ ಪ್ರಶ್ನೆಯೇ.

ಮನೆಯೊಳಗೆ ಪರೀಕ್ಷೆಗೆ ಕೂರುವ ಸವಾರರು ಎದುರಿಗೆ ದೊಡ್ಡ ಫ್ಯಾನ್ ಇಟ್ಟುಕೊಳ್ಳುತ್ತಾರೆ. ರಸ್ತೆಯಲ್ಲಿ ಸಿಗುವ ಗಾಳಿ ನಿಂತ ಸೈಕಲ್ಲಿಗೆ ಸಿಗದು. ಬೆವರು ಆರದಿದ್ದರೆ ಮೈ ಕಾಯುತ್ತದೆ, ರಕ್ತ ಚರ್ಮಕ್ಕೆ ಹಂಚಿಹೋಗುತ್ತದೆ, ಅದೇ ಎದೆಬಡಿತಕ್ಕೆ ಕಡಿಮೆ ವ್ಯಾಟ್ ಬರುತ್ತದೆ. ಫ್ಯಾನ್ ಇಲ್ಲದೆ ಬಂದ ಅಂಕಿಯನ್ನು ಯಾವ ತರಬೇತುದಾರನೂ ನಂಬುವುದಿಲ್ಲ. ಹೋಟಗಿ, ಅಕ್ಕಲಕೋಟೆಗಳಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದು ಹೊಸದಲ್ಲ. ಗಡಿಯ ಈಚೆ ಕರ್ನಾಟಕ ಸರಕಾರ ಕಲಬುರಗಿ ವಿಭಾಗದ ಬಿಸಿಲ ಜಿಲ್ಲೆಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಖಾತ್ರಿ ಕೆಲಸದ ಪ್ರಮಾಣವನ್ನು ಇಳಿಸಿ, ಕೂಲಿಯನ್ನು ಪೂರ್ತಿ ಕೊಡುವ ರಿಯಾಯಿತಿಯನ್ನು ಜಾರಿಗೆ ತಂದಿತ್ತು. ಮಾರ್ಟಿನೀಕ್‌ನಲ್ಲಿ ಕೋಟೆ ಕಟ್ಟಿಸಿ ಕೂಲಂಬ್ ಕಂಡುಕೊಂಡ ಮಾತು ಇನ್ನೂರು ವರ್ಷ ತಡವಾಗಿ ಭೀಮೆಯ ದಂಡೆಯ ಮಣ್ಣಿನ ಅಳತೆಪಟ್ಟಿಗೆ ಬಂದು ಸೇರಿದ್ದು ಹೀಗೆ.